ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು ದಯವಿಟ್ಟು ಹೇಳಿ

ಗುಬ್ಬಿಯವಳು: ಕಳೆದ ವರ್ಷ 21ನೇ ವಾರದಲ್ಲಿ, ನೋವೇ ಬಾರದೆ, ಮಗು ಹೋಯಿತು. ಈಗ ಮತ್ತೆ 12 ವಾರ. ಬಾಯಿ ಬೇಗ ತೆರೆಯದಂತೆ ಹೊಲಿಗೆ ಹಾಕೋಣ ಎನ್ನುತ್ತಾರೆ ತುಮಕೂರಿನ ಡಾಕ್ಟರು. ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ ಎನ್ನುತ್ತಾರೆ ಅತ್ತೆ. ಅನುಭವ ಇದ್ದವರು ತಿಳಿಸಿ.

ತಿಪಟೂರಿನ ಸೊಸೆ: ನನ್ನದು 2023, ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿದ್ದ ವರ್ಷ. 13ನೇ ವಾರಕ್ಕೆ ಮೆಕ್‌ಡೊನಾಲ್ಡ್ ಹೊಲಿಗೆ, ಅಂದರೆ ಕೆಳಗಿನಿಂದ, ಯೋನಿಯ ಕಡೆಯಿಂದ ಹಾಕುವುದು. ಬೆನ್ನಿಗೆ ಇಂಜೆಕ್ಷನ್, ಇಪ್ಪತ್ತು ನಿಮಿಷ, ಮಾರನೆಯ ದಿನ ಮನೆ. ಬಿಲ್ಲು 24,000. ಮೂರು ಕ್ವಿಂಟಲ್ ಕೊಬ್ಬರಿ ಅಲ್ಲಿಗೇ ಮುಗಿಯಿತು. ಆಮೇಲಿನದನ್ನು ಯಾರೂ ಹೇಳುವುದಿಲ್ಲ: ರಾತ್ರಿಗೊಂದು ಪ್ರೊಜೆಸ್ಟರಾನ್ (ಗರ್ಭ ಉಳಿಸಲು ಕೊಡುವ ಹಾರ್ಮೋನ್), ಎರಡು ವಾರಕ್ಕೊಂದು ಸ್ಕ್ಯಾನ್, ಪ್ರತಿ ಸಲ ಬಾಡಿಗೆ ಕಾರು. ಒಂದೊಂದು ರಸೀದಿಯೂ ಇಂದಿಗೂ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಒಟ್ಟು 71,350. 37ನೇ ವಾರಕ್ಕೆ ಬಿಚ್ಚಿ ದಾರ ತೋರಿಸಿದರು. ದಾರವೆಂದರೆ ದಾರವಲ್ಲ, ಲಂಗದ ಲಾಡಿಯ ಹಾಗೆ ಚಪ್ಪಟೆ. ಆ ರಾತ್ರಿಯೇ ಹೆರಿಗೆ ಎಂದು ಊರೆಲ್ಲ ಹೇಳಿತು. ಹನ್ನೊಂದು ದಿನ ಕಾದೆ!

ಶಿರಾ: ಕಾಯುವ ಭಾಗ್ಯ ನಿಮಗಿತ್ತು. ನನಗೂ ಮೊದಲೊಂದು ಹೋಗಿತ್ತು. 18ನೇ ವಾರದ ಸ್ಕ್ಯಾನ್ ವರದಿಯಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಉದ್ದ 22 ಮಿ.ಮೀ. ಎಂದು ಅಚ್ಚಾಗಿತ್ತು. 25ಕ್ಕಿಂತ ಕಡಿಮೆಯಾದರೆ ಏನರ್ಥ ಎಂದು ಆ ದಿನ ಒಬ್ಬರೂ ಬಾಯಿ ಬಿಡಲಿಲ್ಲ. 22ನೇ ವಾರಕ್ಕೆ ಗರ್ಭಕೋಶದ ಬಾಯಿ ತೆರೆದು ನೀರಿನ ಚೀಲ ಕಾಣುತ್ತಿತ್ತು. ಆಂಬುಲೆನ್ಸ್‌ನಲ್ಲಿ ಮಲಗಿ ಬೆಂಗಳೂರಿನವರೆಗೆ ರಸ್ತೆಯ ಉಬ್ಬು ಎಣಿಸಿದ್ದೇನೆ. ಹೊಲಿಗೆ ಹಾಕಿದರು. ಒಂಬತ್ತನೆಯ ದಿನ ನೀರು ಒಡೆದು, ಚಳಿಜ್ವರ ಬಂದು, ಅವರೇ ಕತ್ತರಿಸಿ ತೆಗೆದರು. 1,14,000 ರೂಪಾಯಿ, ಖಾಲಿ ಮಡಿಲು.

ತಿಪಟೂರಿನ ಸೊಸೆ: ದುಃಖ ಅರ್ಥವಾಗುತ್ತದೆ. ಆದರೆ ತಡವಾಗಿ ಹಾಕಿದ್ದಕ್ಕೂ ಮೊದಲೇ ಹಾಕಿದ್ದಕ್ಕೂ ವ್ಯತ್ಯಾಸವಿದೆ. ಸುಮ್ಮನೆ ಹೆದರಿಸಬೇಡಿ.

ಶಿರಾ: ತಡ ಮಾಡಿದ್ದು ನಾನೇ? ಇನ್ನೊಮ್ಮೆ ಓದಿ, ಆಮೇಲೆ ಬುದ್ಧಿ ಹೇಳಿ.

ಕೊರಟಗೆರೆ: ನನ್ನ ಹೆಂಡತಿಗೆ ಹಾಕಿಸಿದೆವು. ಓಡಾಡಿಕೊಂಡಿರಲಿ ಎಂದಿದ್ದರು ಡಾಕ್ಟರು. ನಮ್ಮ ತಾಯಿ ಕೇಳಬೇಕಲ್ಲ! ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಟ್ಟು ನಾಲ್ಕು ತಿಂಗಳು ಮಲಗಿಸಿದರು. ಎಡಗಾಲಿನ ಮೀನಖಂಡ ಊದಿ, ರಕ್ತ ಹೆಪ್ಪುಗಟ್ಟಿದೆ ಎಂದು ಹೊಟ್ಟೆಗೆ ದಿನಕ್ಕೊಂದು ಸೂಜಿ. ಆ ಸೂಜಿಯ ಖರ್ಚು ಹೊಲಿಗೆಯ ಖರ್ಚನ್ನು ಮೀರಿತು. ಮಗಳು 36 ವಾರಕ್ಕೆ ಹುಟ್ಟಿದಳು. ತಾಯಿ ಇಂದಿಗೂ ಇಟ್ಟಿಗೆಯಿಂದ ಉಳಿಯಿತು ಎನ್ನುತ್ತಾರೆ.

ಕುಣಿಗಲ್ ಹಿರಿಯರು: ಹಿರಿಯರನ್ನು ಆಡಿಕೊಳ್ಳುವುದು ಸುಲಭ. ಇದೆಲ್ಲ ಹೊರದೇಶದವರ ಹಣದ ಆಟ.

ತುಮಕೂರು ಟೀಚರ್: ಹೊರದೇಶವೇ? 1955ರಲ್ಲೇ ಈ ಹೊಲಿಗೆಯನ್ನು ಬರೆದು ತಿಳಿಸಿದ ಡಾಕ್ಟರ್ ಶಿರೋಡ್ಕರ್ ಮುಂಬಯಿಯವರು. ಮೆಕ್‌ಡೊನಾಲ್ಡ್ ಹೊಲಿಗೆ ಬಂದದ್ದು ಎರಡು ವರ್ಷದ ಮೇಲೆ. ನನಗೆ ಕೆಳಗಿನ ಹೊಲಿಗೆ ಎರಡು ಸಲ ಸೋತಿತು. ಮೂರನೆಯ ಸಲ, ಗರ್ಭ ನಿಲ್ಲುವ ಮೊದಲೇ, ಲ್ಯಾಪ್ರೊಸ್ಕೋಪಿಯಲ್ಲಿ (ಸಣ್ಣ ರಂಧ್ರ ಮಾಡಿ) ಹೊಟ್ಟೆಯ ಕಡೆಯಿಂದ ಹಾಕಿಸಿದೆ. 1,60,000, ಸೊಸೈಟಿಯ ಸಾಲ, ಇನ್ನೂ ಏಳು ಕಂತು ಬಾಕಿ. ಸಿಸೇರಿಯನ್ ಆಗಲೇಬೇಕು, ಆಯಿತು. ಹೊಲಿಗೆ ಒಳಗೇ ಇದೆ, ಎರಡನೆಯ ಮಗುವಿಗೂ ಅದೇ.

ತಿಪಟೂರಿನ ಸೊಸೆ: ಒಂದೂವರೆ ಲಕ್ಷ ಎಲ್ಲರ ಬಳಿ ಇರುತ್ತದೆಯೇ?

ತುಮಕೂರು ಟೀಚರ್: ನನ್ನ ಬಳಿಯೂ ಇರಲಿಲ್ಲ. ಸಾಲ ಎಂದು ಬರೆದಿದ್ದೇನೆ.

ಗುಬ್ಬಿಯವಳು: ನಾಳೆ ಒಂಬತ್ತಕ್ಕೆ ಸ್ಕ್ಯಾನ್. ಅತ್ತೆಯೂ ಬರುತ್ತಾರಂತೆ.

ಶಿರಾ: ಮಿ.ಮೀ. ಎಷ್ಟು ಎಂದು ನೀವೇ ಬಾಯಿಬಿಟ್ಟು ಕೇಳಿ. ಅವರು ಹೇಳುವವರೆಗೆ ಕಾಯಬೇಡಿ.

ಕುಣಿಗಲ್ ಹಿರಿಯರು: ಕೊರಟಗೆರೆಯವರೇ, ಎಷ್ಟು ಇಟ್ಟಿಗೆ ಇಟ್ಟಿದ್ದರು?

ಕೊರಟಗೆರೆ: ಸ್ವಾಮಿ, ನಾನು ಬರೆದದ್ದು ಅದಕ್ಕಲ್ಲ.