ಬೆಂಗಳೂರು ಆಸ್ತಿ ತೆರಿಗೆ: 6,500 ಇದ್ದದ್ದು ಒಂದೇ ವರ್ಷಕ್ಕೆ 10,137 ಆಗಿದ್ದು ಹೇಗೆ?

ಮಹಡಿಮನೆ:
ತೆರಿಗೆಯ ಸಿ ವಲಯದಲ್ಲಿ ಆರ್‌ಸಿಸಿ ಮನೆ. ಕೆಳಗೆ 1,000 ಚದರಡಿ, ಮೇಲೆ 600. 2024-25ರಲ್ಲಿ ರಿಯಾಯಿತಿಗೆ ಮುಂಚೆ 6,500 ರೂಪಾಯಿ ಹತ್ತಿರ ಬಂದಿತ್ತು. 2025-26ಕ್ಕೆ 10,137 ತೋರಿಸುತ್ತಿದೆ. ಮಧ್ಯೆ ಆದ ಬದಲಾವಣೆ ಒಂದೇ: ಮೇಲಿನ ಮನೆ ಬಾಡಿಗೆಗೆ ಹೋಗಿದೆ, ಅರ್ಜಿಯಲ್ಲೂ ಹಾಗೇ ನಮೂದಿಸಿದೆವು. ಸವಕಳಿ (ಕಟ್ಟಡ ಹಳೆಯದಾದಂತೆ ಸಿಗುವ ಕಡಿತ) ಎರಡೂ ಸಲ 9% ಎಂದೇ ಇದೆ. ದರ ಏರಿಸಿದ್ದಾರಾ, ಇಲ್ಲಾ ಎಲ್ಲೋ ಲೆಕ್ಕ ತಪ್ಪಿದೆಯಾ? ತಿಳಿದವರು ಬಿಡಿಸಿ ಹೇಳಿ.

ಕಂದಾಯಲೆಕ್ಕ:
ದರ ಏರಿಲ್ಲ, ಲೆಕ್ಕವೂ ತಪ್ಪಿಲ್ಲ ಸರ್. ಸಿ ವಲಯದ ಆರ್‌ಸಿಸಿ ಮನೆಗೆ ಚದರಡಿಗೆ ತಿಂಗಳಿಗೆ ಸ್ವಂತ ವಾಸವಾದರೆ 1.80, ಬಾಡಿಗೆಯಾದರೆ 3.60 ರೂಪಾಯಿ. ನೇರ ಎರಡರಷ್ಟು. ನಿಮಗೆ ನಿಜವಾಗಿ ಎಷ್ಟು ಬಾಡಿಗೆ ಬರುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಐದು ಸಾವಿರ ಬಂದರೂ ಇಪ್ಪತ್ತೈದು ಸಾವಿರ ಬಂದರೂ ತೆರಿಗೆ ಅಷ್ಟೇ.

ಪೆನ್ನು ಹಿಡಿದು ಕೂಡಿಸಿ ನೋಡಿ. ವರ್ಷಕ್ಕೆ 12 ಅಲ್ಲ, 10 ತಿಂಗಳು ಹಿಡಿಯಬೇಕು.

ಕೆಳಗಿನ ಮನೆ: 1,000 × 1.80 × 10 = 18,000
ಮೇಲಿನ ಮನೆ: 600 × 3.60 × 10 = 21,600
ಒಟ್ಟು 39,600. ಇದರಲ್ಲಿ ಸವಕಳಿ 9%, ಅಂದರೆ 3,564 ಕಳೆದರೆ 36,036.
ಅದರ 20% ಆಸ್ತಿ ತೆರಿಗೆ: 7,207.20
ಆ ತೆರಿಗೆಯ ಮೇಲೆ 24% ಉಪಕರ: 1,729.73
ಕೂಡಿದರೆ 8,936.93

ಇಡೀ 1,600 ಚದರಡಿಯೂ ಸ್ವಂತ ವಾಸ ಎಂದಿದ್ದಾಗ ಇದೇ ಲೆಕ್ಕ 6,499.58ಕ್ಕೆ ನಿಲ್ಲುತ್ತಿತ್ತು. ನಿಮ್ಮ ಹಳೆಯ 6,500 ಅದೇ. ಬಾಡಿಗೆಯಿಂದ ಹೆಚ್ಚಾಗಿದ್ದು 2,437 ರೂಪಾಯಿ ಮಾತ್ರ.

ಆ 24%ರಲ್ಲಿ ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಉಪಕರ 3 ಸೇರಿವೆ. ಇದನ್ನು ಮೇಲಿನ 36,036ರ ಮೇಲೆ ಹಾಕಿ ಗಾಬರಿಯಾಗುವವರು ಬಹಳ. ಉಪಕರ ಬೀಳುವುದು ತೆರಿಗೆಯ ಮೇಲೆ ಮಾತ್ರ.

ವಾರ್ಡ್‌ಮಿತ್ರ:
ಉಳಿದ 1,200 ಕಸದ ಶುಲ್ಕ. 2025ರ ಏಪ್ರಿಲ್‌ನಿಂದ ಘನತ್ಯಾಜ್ಯ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ವಸೂಲಿ ಮಾಡುತ್ತಿದ್ದಾರೆ. ವಾಸದ ಕಟ್ಟಡ 600 ಚದರಡಿವರೆಗೆ ಇದ್ದರೆ ತಿಂಗಳಿಗೆ 10 ರೂಪಾಯಿ, 1,000ವರೆಗೆ 50, 2,000ವರೆಗೆ 100, 3,000ವರೆಗೆ 150, 4,000ವರೆಗೆ 200, ಅದಕ್ಕೂ ಮೇಲೆ 400. ನಿಮ್ಮದು 1,600, ಹಾಗಾಗಿ 100ರಂತೆ ಹನ್ನೆರಡು ತಿಂಗಳು. 8,936.93ಕ್ಕೆ 1,200 ಕೂಡಿಸಿ, ಪೈಸೆ ಸರಿಮಾಡಿದರೆ 10,137. ಇದಕ್ಕೆ ಸವಕಳಿಯೂ ಇಲ್ಲ, ಸ್ವಂತ-ಬಾಡಿಗೆ ಎಂಬ ಭೇದವೂ ಇಲ್ಲ.

ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ 5% ರಿಯಾಯಿತಿ. ಎರಡು ಕಂತು ಮಾಡಿಕೊಂಡರೆ ಅದು ಸಿಗುವುದಿಲ್ಲ. ಕೆಲವು ವರ್ಷ ಗಡುವು ಮುಂದೆ ಹೋಗಿದ್ದುಂಟು, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಮಹಡಿಮನೆ:
ಇಬ್ಬರಿಗೂ ಧನ್ಯವಾದ, ಈಗ ಪೈಸೆ ಸಮೇತ ತಾಳೆಯಾಯಿತು. ಮನೆಯಲ್ಲಿ ಒಂದು ಮಾತು ಬಂದಿದೆ: ಮತ್ತೆ ಎಲ್ಲಾ ಸ್ವಂತ ವಾಸ ಅಂತಲೇ ತುಂಬಿದರೆ ಏನಾಗುತ್ತದೆ?

ಕಂದಾಯಲೆಕ್ಕ:
ದಯವಿಟ್ಟು ಆ ಕೆಲಸ ಮಾಡಬೇಡಿ. ಇದು ಸ್ವಯಂ ಘೋಷಣೆ ಪದ್ಧತಿ. ನೀವು ಬರೆದದ್ದನ್ನು ಅಂದಿಗೆ ಒಪ್ಪಿಕೊಳ್ಳುತ್ತಾರೆ, ಪರಿಶೀಲನೆ ಆಮೇಲೆ ಬರುತ್ತದೆ. ಮನೆಯೆಂದು ತೋರಿಸಿ ಅಂಗಡಿ ನಡೆಸುವವರನ್ನು ಬೆಸ್ಕಾಂ ವಿದ್ಯುತ್ ಮೀಟರಿನ ಮಾಹಿತಿ ಇಟ್ಟುಕೊಂಡೇ ಹುಡುಕಿದ್ದಾರೆ. ಸಿಕ್ಕಿಬಿದ್ದರೆ ಕಡಿಮೆ ಕಟ್ಟಿದ ತೆರಿಗೆ, ದಂಡ, ಬಡ್ಡಿ ಎಲ್ಲಾ ಒಟ್ಟಿಗೆ ಬೀಳುತ್ತವೆ. ದಂಡ ಮೊದಲು ವ್ಯತ್ಯಾಸದ ಎರಡು ಪಟ್ಟಿತ್ತು, 2024ರ ತಿದ್ದುಪಡಿಯಲ್ಲಿ ವ್ಯತ್ಯಾಸದಷ್ಟಕ್ಕೇ ಇಳಿಯಿತು. ನಿಮ್ಮ ವಿಷಯದಲ್ಲಿ ಉಳಿಯುವುದು ತಿಂಗಳಿಗೆ 203 ರೂಪಾಯಿ. ಅಷ್ಟಕ್ಕೆ ಈ ತಲೆನೋವು ಬೇಡ.

ಬಾಡಿಗೆದಾರರು ಖಾಲಿ ಮಾಡಿ ನೀವೇ ಇರಲು ಶುರು ಮಾಡಿದರೆ ಮುಂದಿನ ವರ್ಷ ಫಾರಂ 5ರಲ್ಲಿ ಬದಲಾಯಿಸಿ. ಬಳಕೆ, ವಿಸ್ತೀರ್ಣ ಯಾವುದು ಬದಲಾದರೂ ಫಾರಂ 5. ಏನೂ ಬದಲಾಗದಿದ್ದರೆ ಫಾರಂ 4.

ಖಾತಾಕಡತ:
ಇನ್ನೆರಡು ಕಡೆ ಎಡವುವವರು ಬಹಳ, ಅದನ್ನೂ ಹೇಳಿಬಿಡುತ್ತೇನೆ.

ವಿಸ್ತೀರ್ಣಕ್ಕೆ ಗೋಡೆಯ ಒಳಗಿನ ಅಳತೆ ಹಾಕಬೇಡಿ. ಹೊರಗೋಡೆ, ಬಾಲ್ಕನಿ ಸೇರಿ ಕಟ್ಟಿದ ಜಾಗ ಎಷ್ಟೋ ಅಷ್ಟು ಬರೆಯಬೇಕು. ಚಾವಣಿ ಇರುವ ಕಾರು ನಿಲ್ದಾಣವಿದ್ದರೆ ಅದಕ್ಕೆ ಬೇರೆ ಸಾಲಿದೆ, ದರ ಅರ್ಧ. ಅದನ್ನು ಮನೆಯ ಅಳತೆಗೆ ಸೇರಿಸಿ ಪೂರ್ತಿ ದರ ಕಟ್ಟುತ್ತಿರುವವರೂ ಇದ್ದಾರೆ.

ಇನ್ನೊಂದು ವಲಯ. ಎಯಿಂದ ಎಫ್‌ವರೆಗಿನ ವಿಂಗಡಣೆ ರಸ್ತೆಯ ಮಾರ್ಗಸೂಚಿ ದರದ (ಸರ್ಕಾರ ನಿಗದಿ ಮಾಡಿದ ಆಸ್ತಿ ಬೆಲೆಯ) ಮೇಲೆ ನಿಂತಿದೆ. 2016ರಲ್ಲಿ ವಲಯಗಳು ಬದಲಾದ ಮೇಲೂ ಹಳೆಯ ವಲಯದಲ್ಲೇ ಕಟ್ಟುತ್ತಾ ಹೋದವರಿಗೆ ವರ್ಷಗಳ ನಂತರ ಬಾಕಿ ನೋಟಿಸ್ ಬಂತು. ಪಕ್ಕದ ಮನೆಯ ರಸೀದಿ ನೋಡಿ ವಲಯ ಆರಿಸಬೇಡಿ, ಅವರದ್ದೇ ತಪ್ಪಿರಬಹುದು. ನಿಮ್ಮ ರಸ್ತೆಯ ಹೆಸರನ್ನು ವಲಯಗಳ ಪಟ್ಟಿಯಲ್ಲೇ ಹುಡುಕಿ. ಸಂಶಯ ಬಂದರೆ ಸಹಾಯಕ ಕಂದಾಯ ಅಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಬಾಯಿಮಾತಿನಲ್ಲಿ ಕೇಳಿ ಬರಬೇಡಿ.

ಮನೆ ಹೊಸದಾಗಿ ಕೊಂಡವರಿಗೆ ಒಂದು ಮಾತು: ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆಯ ಜೊತೆ ಮಾಲೀಕರ ಹೆಸರಿನ ಮೊದಲ ಮೂರು ಅಕ್ಷರ ಕೇಳುತ್ತದೆ. ದಾಖಲೆಯಲ್ಲಿ ಹೆಸರು ಬದಲಾಗುವ ತನಕ ಅಲ್ಲಿ ಮಾರಿದವರ ಹೆಸರೇ ಹಾಕಬೇಕು, ಇಂಗ್ಲಿಷ್ ಕಾಗುಣಿತವೂ ಹಳೆಯ ರಸೀದಿಯಲ್ಲಿದ್ದಂತೆ. ಹಣ ಕಡಿತವಾಗಿ ರಸೀದಿ ಬಾರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಮಾರನೇ ದಿನ ಚಲನ್ ಸ್ಥಿತಿ ನೋಡಿ, ಬ್ಯಾಂಕಿನ ವಹಿವಾಟು ಸಂಖ್ಯೆ ಬರೆದಿಟ್ಟುಕೊಳ್ಳಿ. ರಸೀದಿಯ ಒಂದು ಮುದ್ರಿತ ಪ್ರತಿ ಕ್ರಯಪತ್ರದ ಜೊತೆಗಿರಲಿ; ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಮಾಡಿಸುವಾಗ ಆ ಅರ್ಜಿ ಸಂಖ್ಯೆ ಕೇಳುತ್ತಾರೆ.