'ಮುಳುಗು' ಒಂದೇ, ಅರ್ಥ ಎರಡು: ಇವತ್ತು ಸಂಜೆಯೊಳಗೆ ಬೇಕು

ಕಾರವಾರದಿಂದ:
ನಮಸ್ಕಾರ. ಡಿಸೆಂಬರ್ 8ಕ್ಕೆ ನಮ್ಮ ಶಾಲೆಯಲ್ಲಿ ಸಬ್‌ಮರೀನ್ ಪ್ರದರ್ಶನವಿದೆ. 1967ರಲ್ಲಿ ಅದೇ ದಿನ ಆಗಿನ ಸೋವಿಯತ್ ಒಕ್ಕೂಟದ ರಿಗಾದಲ್ಲಿ ನಮ್ಮ ಮೊದಲ ಸಬ್‌ಮರೀನ್ ಕಲ್ವರಿ ನೌಕಾಪಡೆಗೆ ಸೇರಿತ್ತು. ಬೋರ್ಡಿಗೆ ನಾನು ಬರೆದ ಸಾಲುಗಳು ಇವು:

'ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು. ಹಾಗಾಗಿ ಕಲ್ವರಿ ಮುಳುಗಿದಾಗ ಬ್ಯಾಟರಿಯಿಂದ ಓಡುತ್ತಿತ್ತು.'
'ಪಾಕಿಸ್ತಾನದ ಸಬ್‌ಮರೀನ್ ಘಾಜಿ 1971ರಲ್ಲಿ ವಿಶಾಖಪಟ್ಟಣದ ಹತ್ತಿರ ಮುಳುಗಿತು.'

ಏಳನೇ ತರಗತಿಯ ಹುಡುಗಿ ಓದಿ ಕೇಳಿದಳು, "ಅಕ್ಕೋರೆ, ನಮ್ದೂ ಮುಳುಗಿತ್ತಾ?" ಪೇಂಟರ್ ಐದಕ್ಕೆ ಬರುತ್ತಾರೆ. ಏನು ಮಾಡಲಿ?

ಶಿರಸಿಯಿಂದ:
ಮೊದಲನೆಯದಕ್ಕೆ ಸಂಸ್ಕೃತದ 'ನಿಮಜ್ಜನ' ಹಾಕಿ. 'ಸಬ್‌ಮರೀನ್' ತೆಗೆದು 'ಜಲಾಂತರ್ಗಾಮಿ' ಮಾಡಿ. ಪತ್ರಿಕೆಗಳೂ ಹಾಗೇ ಬರೆಯುತ್ತವೆ.

ಕುಮಟಾದಿಂದ:
ಏಳನೇ ತರಗತಿಗೆ ನಿಮಜ್ಜನವೇ? ಬೇಡ ಮಾರಾಯ್ರೆ. 'ಮುಳುಗುಹಡಗು' ಅನ್ನಿ, ಅಚ್ಚಗನ್ನಡ.

ಅಂಕೋಲಾದಿಂದ:
ಮೀನುಗಾರರ ಮನೆಯಲ್ಲಿ 'ಮುಳುಗುಹಡಗು' ಅಂದು ನೋಡಿ, ಗಾಬರಿಯಾಗಿ ದಡಕ್ಕೆ ಓಡುತ್ತಾರೆ.

ಅಕ್ಕೋರೆ, ಹೊಸ ಪದ ಹುಡುಕಬೇಡಿ. ಗೋಕರ್ಣದ ಕೋಟಿತೀರ್ಥದಲ್ಲಿ ಜನ ಏನು ಮಾಡುತ್ತಾರೆ? 'ಮುಳುಗು ಹಾಕುತ್ತಾರೆ'. ಬೇಕಂತಲೇ ಮುಳುಗಿ ಮೇಲೆ ಬರುವುದು. ಏಳದೇ ಹೋದರೆ 'ಮುಳುಗಿಹೋದ' ಅನ್ನುತ್ತೇವೆ. ಆ 'ಹೋಗು' ಒಂದೇ ಸಾಕು. ಕಲ್ವರಿ ಮುಳುಗು ಹಾಕಿತು, ಘಾಜಿ ಮುಳುಗಿಹೋಯಿತು.

2022ರ ಮೇ ತಿಂಗಳಲ್ಲಿ ರಾಜನಾಥ್ ಸಿಂಗ್ ನಿಮ್ಮೂರಿನ ನೌಕಾನೆಲೆಯಿಂದಲೇ ಖಂಡೇರಿ ಸಬ್‌ಮರೀನ್ ಹತ್ತಿ ನೀರಿನಡಿ ಹೋಗಿ ಬಂದರು. 'ರಕ್ಷಣಾ ಸಚಿವರು ಮುಳುಗಿದರು' ಅಂತ ಬರೆಯೋಕಾಗುತ್ತಾ?

ಶಿರಸಿಯಿಂದ:
ಮುಳುಗು ಹಾಕುವುದು ಭಕ್ತರು. ಯುದ್ಧನೌಕೆಯಲ್ಲ.

ಅಂಕೋಲಾದಿಂದ:
ಭಕ್ತರಿಗೂ ಉಸಿರು ಬೇಕು, ಅದಕ್ಕೂ ಬೇಕು. ಬ್ಯಾಟರಿ ಇಳಿದರೆ ಡೀಸೆಲ್ ಸಬ್‌ಮರೀನ್ ನೀರಿನ ಮೇಲ್ಮೈ ಹತ್ತಿರ ಬರಲೇಬೇಕು. ಸ್ನಾರ್ಕೆಲ್ ಕೊಳವೆ ಮಾತ್ರ ಹೊರಗೆ ಚಾಚಿ ಗಾಳಿ ಎಳೆದು, ಎಂಜಿನ್ ಓಡಿಸಿ, ಚಾರ್ಜ್ ಮಾಡಿಕೊಂಡು ಮತ್ತೆ ಕೆಳಗೆ. ಅಣುಶಕ್ತಿಯದ್ದಾದರೆ ಓಡಲು ಗಾಳಿ ಬೇಡ, ಈ ಮಾತು ಅಷ್ಟು ಒಪ್ಪುತ್ತಿರಲಿಲ್ಲ. ಡೀಸೆಲ್‌ಗೆ ಹೇಳಿ ಮಾಡಿಸಿದಂತಿದೆ.

ಕುಮಟಾದಿಂದ:
'ಸ್ನಾರ್ಕೆಲ್' ಜರ್ಮನ್ನಿನಿಂದ ಬಂದದ್ದು, ಅವರ ಗೊರಕೆಯ ಪದಕ್ಕೆ ನೆಂಟ. ನಾವು 'ಗೊರಕೆಗೊಳವೆ' ಅನ್ನಬಹುದಲ್ವಾ? ಹೊರಗಿನ ಪದ ಸುಮ್ನೆ ಯಾಕೆ ಹೊರುವುದು?

ಅಂಕೋಲಾದಿಂದ:
ಡೀಸೆಲ್ ಜರ್ಮನಿಯ ಎಂಜಿನಿಯರ್ ಒಬ್ಬರ ಹೆಸರು. ನೀವು ದಿನಾ ಹೇಳುವ 'ಬಂದರು' ಪಾರಸಿ. ಅವನ್ನೂ ಇಳಿಸುತ್ತೀರಾ?

ಕುಮಟಾದಿಂದ:
ಬಂದರು ಬೇರೆ. ಅದು ನಮ್ಮದಾಗಿ ನೂರಾರು ವರ್ಷವಾಯಿತು.

ಶಿರಸಿಯಿಂದ:
ಹಾಗಾದರೆ ಸಂಸ್ಕೃತ ನಮ್ಮದಾಗಿ ಎಷ್ಟು ವರ್ಷವಾಯಿತು, ಹೇಳಿ?

ಕಾರವಾರದಿಂದ:
ಪೇಂಟರ್ ಬಂದು ಹೋದರು. 'ಮುಳುಗು ಹಾಕಿದಾಗ', 'ಮುಳುಗಿಹೋಯಿತು' ಅಂತಲೇ ಬರೆಸಿದೆ. ಸ್ನಾರ್ಕೆಲ್ ಮಾತನ್ನೂ ಸೇರಿಸಿದೆ. ಪದ ಹಾಗೇ ಉಳಿಯಿತು, ಕೆಳಗೆ 'ಉಸಿರುಕೊಳವೆ' ಅಂತ ಚಿಕ್ಕದಾಗಿ ಹಾಕಿಸಿದೆ. ಹುಡುಗಿಗೆ ತೋರಿಸಿದೆ. "ಈಗ ಸರಿ ಅಕ್ಕೋರೆ" ಅಂದಳು. ನೀವು ಜಗಳ ಮುಂದುವರಿಸಿ.