ಪಿಕಪ್‌ಗೆ ಹೆಚ್ಚುವರಿ ದೀಪ: ಬಿರುಕು ಬಿಡದ ಬ್ರಾಕೆಟ್ ಮಾಡಿಸುವುದು ಹೇಗೆ?

ಹುಮನಾಬಾದ್ ಪಿಕಪ್:

ಎಲ್ಲರಿಗೂ ಶರಣು. ನಾನು ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಹಳ್ಳಿಗಳಿಂದ ಶುಂಠಿ ಮತ್ತು ತರಕಾರಿ ತುಂಬಿಕೊಂಡು ಬೆಳಗಿನ ಜಾವ ಹೈದರಾಬಾದಿನ ಕಡೆಗೆ ಹೊರಡುವವನು. 65ನೇ ಸಂಖ್ಯೆಯ ಹೆದ್ದಾರಿ ಮುಟ್ಟಿದ ಮೇಲೆ ಅಷ್ಟು ತೊಂದರೆಯಿಲ್ಲ. ಅದಕ್ಕೂ ಮೊದಲಿನ ಹಳ್ಳಿ ರಸ್ತೆಯಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಹಿಂಬದಿಗೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಬಂಡಿಗಳು ಮಂಜಿನೊಳಗಿಂದ ಏಕಾಏಕಿ ಎದುರಾಗುತ್ತವೆ. ಇದಕ್ಕಾಗಿಯೇ ಬೊಲೆರೊ ಪಿಕಪ್‌ನ ಮುಂಭಾಗಕ್ಕೆ 55 ವ್ಯಾಟಿನ ಎರಡು ಹ್ಯಾಲೊಜೆನ್ ಫಾಗ್ ಲೈಟುಗಳನ್ನು ಹಾಕಿಸಿದ್ದೇನೆ.

ವೆಲ್ಡಿಂಗ್ ಅಂಗಡಿಯವರು 3 ಮಿ.ಮೀ. ಕಬ್ಬಿಣದ ಪಟ್ಟಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ದೀಪ ಹಿಡಿಯುವ ಬ್ರಾಕೆಟ್ ಮಾಡಿ, ಬಂಪರಿನ ತಗಡಿಗೇ ಬೋಲ್ಟ್ ಹಾಕಿ ಕೊಟ್ಟರು. ದೀಪ ಹೆಚ್ಚುಕಡಿಮೆ ಒಂದು ಗೇಣು ಮುಂದಕ್ಕೆ ಚಾಚಿಕೊಂಡಿದೆ. ಗಾಡಿ ನಿಂತಲ್ಲೇ ಚಾಲೂ ಇದ್ದಾಗಲೂ ಬೆಳಕು ನಡುಗುತ್ತದೆ. ಈಗ ಎಡಗಡೆಯ ಪಟ್ಟಿ ಬಗ್ಗಿಸಿದ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಅಂಗಡಿಯವರು 6 ಮಿ.ಮೀ. ಪಟ್ಟಿ ಹಾಕೋಣ ಎನ್ನುತ್ತಾರೆ, ಗೆಳೆಯರು ಬುಲ್ ಬಾರ್ (ಬಂಪರಿನ ಮುಂದೆ ಹಾಕಿಸುವ ದಪ್ಪ ಪೈಪಿನ ಚೌಕಟ್ಟು) ಹಾಕಿಸಿ ಅದರ ಮೇಲೆ ಕೂರಿಸು ಎನ್ನುತ್ತಾರೆ. ದಪ್ಪ ಹೆಚ್ಚಿಸಿದರೆ ಸಾಕೇ? ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ತೂತು ಹಾಕಬಹುದೇ? ಬಲ್ಲವರು ತಿಳಿಸಬೇಕು.

ಕಪನೂರು ಫಿಟ್ಟರ್:

ತಮ್ಮಾ, ನಿಮ್ಮ ಪಟ್ಟಿ ಭಾರಕ್ಕೆ ಮುರಿದದ್ದಲ್ಲ. ಅಂಥ ದೀಪದ ತೂಕವನ್ನು 3 ಮಿ.ಮೀ. ಪಟ್ಟಿ ಸುಲಭವಾಗಿ ಹೊರುತ್ತದೆ. ಅದನ್ನು ಮುರಿದದ್ದು ಎಡೆಬಿಡದ ನಡುಕ. ಒಂದೇ ತುದಿಯಲ್ಲಿ ಹಿಡಿದ ಪಟ್ಟಿಯ ಉದ್ದ ಎರಡು ಪಟ್ಟಾದರೆ, ಅಷ್ಟೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ದಪ್ಪ ಎರಡು ಪಟ್ಟಾದರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 6 ಮಿ.ಮೀ. ಹಾಕಿಸಿ ಗೇಣುದ್ದ ಬಿಡುವುದೂ, ಈಗಿರುವ 3 ಮಿ.ಮೀ. ಪಟ್ಟಿಯನ್ನೇ ಅರ್ಧಕ್ಕೆ ಇಳಿಸುವುದೂ ಬಾಗುವಿಕೆಯ ಲೆಕ್ಕದಲ್ಲಿ ಒಂದೇ ಆಗುತ್ತದೆ. ಮೊದಲು ಉದ್ದವನ್ನು ಕಡಿಮೆ ಮಾಡಿ. ಆಮೇಲೂ ನಡುಕ ಉಳಿದರೆ ಮೂಲೆಗೆ ಒಂದು ತ್ರಿಕೋನದ ತಗಡನ್ನು ಬೆಸೆಸಿ. ಪಟ್ಟಿಯನ್ನು ಇನ್ನಷ್ಟು ದಪ್ಪ ಮಾಡುವುದಕ್ಕಿಂತ ಈ ಅಂಗೈ ಅಗಲದ ತುಂಡು ಹೆಚ್ಚು ಕೆಲಸ ಮಾಡುತ್ತದೆ.

ಬಂಪರಿನ ತಗಡಿಗೆ ಬೋಲ್ಟ್ ಹಾಕಿದ್ದೇ ನಿಮ್ಮ ತೊಂದರೆಯ ಮೂಲವೆಂದು ನನ್ನ ಅಭಿಪ್ರಾಯ. ತಗಡೇ ನಡುಗುವಾಗ ಅದರ ಮೇಲಿನ ಬ್ರಾಕೆಟ್ ಎಷ್ಟು ಗಟ್ಟಿಯಿದ್ದರೂ ದೀಪ ನಿಲ್ಲುವುದಿಲ್ಲ. ಬಂಪರಿನ ಹಿಂದೆ ಚಾಸಿಯ ಎರಡು ತುದಿಗಳಲ್ಲಿ ಬಂಪರನ್ನು ಹಿಡಿದಿರುವ ಬೋಲ್ಟುಗಳಿರುತ್ತವೆ. ಬ್ರಾಕೆಟ್ಟನ್ನು ಅಲ್ಲಿಂದಲೇ ತನ್ನಿ. ಪಟ್ಟಿಯ ದಪ್ಪ ಸೇರುವುದರಿಂದ ಅಷ್ಟು ಉದ್ದದ, ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತಿರುವ ಹೊಸ ಬೋಲ್ಟ್ ಬೇಕಾಗುತ್ತದೆ. ನಟ್ ಬಿಗಿದ ಮೇಲೆ ಬೋಲ್ಟಿನ ಎರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಚಾಸಿಗೆ ಹೊಸ ತೂತು ಬೇಡ. ಅದರಲ್ಲೂ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮುಟ್ಟಲೇಬಾರದು, ಏಕೆಂದರೆ ಗಾಡಿ ತುಂಬಿದಾಗ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಬೀಳುವುದು ಅಲ್ಲಿಯೇ.

ಬಗ್ಗಿಸುವ ವಿಧಾನವನ್ನೂ ಗಮನಿಸಿ. ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಚೂಪಾಗಿ ಮಡಿಚಿದರೆ ಮೂಲೆಯ ಹೊರಮೈಯಲ್ಲಿ ಕಣ್ಣಿಗೆ ಕಾಣದ ಸೀಳುಗಳು ಆಗಲೇ ಹುಟ್ಟಿರಬಹುದು. ಒಳಮೂಲೆಯ ದುಂಡು ಕನಿಷ್ಠ ಪಟ್ಟಿಯ ದಪ್ಪದಷ್ಟಾದರೂ ಇರಬೇಕು, ಬೋಲ್ಟಿನ ತೂತು ಆ ಮಡಿಕೆಯಿಂದ ದೂರವಿರಬೇಕು. ಕಬ್ಬಿಣ ಕತ್ತರಿಸುವ ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ, ಗಾಡಿಗೆ ಹಿಡಿದು ನೋಡಿ. ಹತ್ತು ನಿಮಿಷದ ಈ ಕೆಲಸಕ್ಕೆ ನಮ್ಮ ಕಡೆಯ ಅಂಗಡಿಗಳಲ್ಲಿ ಯಾರಿಗೂ ತಾಳ್ಮೆಯಿರುವುದಿಲ್ಲ.

ಆಳಂದ ರಸ್ತೆ:

ಇಷ್ಟೆಲ್ಲ ತಾಪತ್ರಯ ಏಕೆ? ಕ್ಯಾಬಿನ್ನಿನ ತಲೆಯ ಮೇಲೆ ಪೈಪ್ ಹಾಕಿಸಿ ನಾಲ್ಕು ಎಲ್‌ಇಡಿ ಬಿಗಿಸಿದರೆ ಬಂಡಿಗಳು ಬಹು ದೂರದಿಂದಲೇ ಕಾಣುತ್ತವೆ.

ಯಾದಗಿರಿ ವೈರಿಂಗ್:

ಆಳಂದದ ಅಣ್ಣಾವರೇ, ಮಂಜಿಲ್ಲದ ರಾತ್ರಿಯಲ್ಲಿ ನಿಮ್ಮ ಮಾತು ನಿಜವಿರಬಹುದು. ಆದರೆ ಮಂಜಿನಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಬಿದ್ದ ಬೆಳಕು ನೀರಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಮರಳುತ್ತದೆ, ಮುಂದೆ ಬಿಳಿ ಗೋಡೆಯ ಹೊರತು ಏನೂ ಕಾಣುವುದಿಲ್ಲ. ಫಾಗ್ ಲೈಟ್ ತಗ್ಗಿನಲ್ಲಿರಬೇಕು, ಅಗಲವಾಗಿ ಹರಡಬೇಕು, ಅದರ ಮೇಲಂಚು ಚಾಕುವಿನಿಂದ ಕತ್ತರಿಸಿದಂತಿರಬೇಕು. ಅದು ದೂರವನ್ನು ತೋರಿಸುವ ದೀಪವಲ್ಲ. ರಸ್ತೆಯ ಅಂಚನ್ನೂ ಹತ್ತಿರದ ಗಾಲಿಯನ್ನೂ ತೋರಿಸುವ ದೀಪ, ಆದ್ದರಿಂದ ವೇಗವನ್ನೂ ಅದಕ್ಕೆ ತಕ್ಕಂತೆ ಇಳಿಸಲೇಬೇಕು.

ಕಾನೂನನ್ನೂ ಹೇಳಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯ ನಿಯಮದ ಪ್ರಕಾರ, ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಇರುವಂತಿಲ್ಲ. ಬುಲ್ ಬಾರ್ ಬಗ್ಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಅದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದು ತಿಳಿಸಿದೆ. ದಿನವೂ ರಾಜ್ಯದ ಗಡಿ ದಾಟುವ ಗಾಡಿಗೆ ಬುಲ್ ಬಾರ್ ಹಾಕಿಸುವುದೆಂದರೆ ದಂಡದ ಚೀಟಿಯನ್ನು ನೀವೇ ಬರೆದುಕೊಟ್ಟಂತೆ.

ವೈರಿಂಗ್ ಹೇಗಿದೆಯೆಂದು ನೀವು ಬರೆದಿಲ್ಲ. 55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಇದನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ನೇರವಾಗಿ ಹರಿಸಬಾರದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಬೇಕೇ ಬೇಕು. ಬ್ಯಾಟರಿಯ ಪಕ್ಕದಲ್ಲಿಯೇ 15 ಆಂಪಿಯರಿನ ಫ್ಯೂಸ್ ಇಟ್ಟು, ಅಲ್ಲಿಂದ 2.5 ಚದರ ಮಿ.ಮೀ. ವೈರನ್ನು ರಿಲೇಯಲ್ಲಿ 30 ಎಂದು ಬರೆದ ಕಾಲಿಗೆ ಕೊಡಿ, 87 ಎಂದು ಬರೆದ ಕಾಲಿನಿಂದ ದೀಪಕ್ಕೆ ಒಯ್ಯಿರಿ. ಸ್ವಿಚ್ಚಿನ ವೈರು ಮತ್ತು ಅರ್ತ್ 86, 85ಕ್ಕೆ ಬರುತ್ತವೆ. ಅರ್ತ್ ಕೂರುವ ಜಾಗದ ಬಣ್ಣವನ್ನು ಕೆರೆದು, ಬರಿಯ ಲೋಹಕ್ಕೆ ಬಿಗಿಯಿರಿ. ದೀಪ ಮಂದವಾಗಿದೆಯೆಂದು ಬರುವ ಅನೇಕ ಗಾಡಿಗಳಲ್ಲಿ ಕೊರತೆಯಿರುವುದು ಈ ಅರ್ತಿನಲ್ಲಿಯೇ.

ಹುಮನಾಬಾದ್ ಪಿಕಪ್:

ಇಬ್ಬರಿಗೂ ಅನಂತ ವಂದನೆಗಳು. ಬುಲ್ ಬಾರ್ ಆಲೋಚನೆಯನ್ನು ಬಿಟ್ಟೆ. ರಿಲೇ ಇದೆ, ಫ್ಯೂಸ್ ಇಲ್ಲ, ಅದನ್ನು ಹಾಕಿಸುತ್ತೇನೆ. ಇನ್ನೆರಡು ಸಂಶಯಗಳಿವೆ. ತ್ರಿಕೋನದ ತುಂಡನ್ನು ಬ್ರಾಕೆಟ್ ಗಾಡಿಯಲ್ಲಿರುವಾಗಲೇ ಬೆಸೆಯಬಹುದೇ? ದೀಪಗಳ ಮಟ್ಟವನ್ನು ಯಾವ ಅಳತೆಯಿಂದ ನಿಲ್ಲಿಸಬೇಕು?

ಕಪನೂರು ಫಿಟ್ಟರ್:

ಬಿಚ್ಚಿ ತಂದು ಬೆಸೆಸುವುದೇ ಸರಿ. ಈಗಿನ ಗಾಡಿಗಳ ಇಂಜಿನ್ನನ್ನು ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ವೆಲ್ಡಿಂಗಿನ ಕರೆಂಟು ದಾರಿ ತಪ್ಪಿ ಅದರೊಳಗೆ ಹರಿದರೆ, ಬ್ರಾಕೆಟ್ಟಿನ ಖರ್ಚು ಯಾವ ಲೆಕ್ಕಕ್ಕೂ ಇಲ್ಲ. ಅನಿವಾರ್ಯವಾದರೆ ಮಾತ್ರ ಬ್ಯಾಟರಿಯ ನೆಗೆಟಿವ್ ಕಳಚಿ, ವೆಲ್ಡಿಂಗ್ ಮಶೀನಿನ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಿಡಿಸಿ. ಬಿರುಕು ಬಿಟ್ಟ ಎಡಗಡೆಯ ಪಟ್ಟಿಯ ಮೇಲೆ ಬೆಸುಗೆ ಎಳೆದು ಮತ್ತೆ ಬಳಸಬೇಡಿ, ಹೊಸದನ್ನೇ ಮಾಡಿಸಿ. ಬೆಸುಗೆ ತಣ್ಣಗಾದ ಮೇಲೆ ಕರಿ ಕೆರೆದು, ಜಿಂಕ್ ಪ್ರೈಮರ್ ಹಚ್ಚಿ, ಬಳಿಕ ಬಣ್ಣ ಕೊಡಿಸಿ. ಯರೆಮಣ್ಣಿನ ಕೆಸರು ಮೂಲೆಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿರುತ್ತದೆ. ದೀಪಗಳು ಜಾಲರಿಯ ಎದುರು ನಿಲ್ಲದಂತೆ ಎರಡು ಬದಿಗೆ ಸರಿಸಿ, ಇಲ್ಲದಿದ್ದರೆ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ರೇಡಿಯೇಟರಿಗೆ ಗಾಳಿ ಸಾಲದು.

ಮಟ್ಟದ ವಿಷಯಕ್ಕೆ ಬಂದರೆ, ಗಾಡಿಯನ್ನು ದಿನನಿತ್ಯದ ಮಾಲು ತುಂಬಿಸಿಕೊಂಡೇ ನಿಲ್ಲಿಸಿ. ಬರಿ ಗಾಡಿಯಲ್ಲಿ ಹೊಂದಿಸಿದರೆ, ಮಾಲು ಬಿದ್ದ ಕೂಡಲೇ ಹಿಂಬದಿ ಕುಸಿದು ಮೂತಿ ಮೇಲೇಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ನಿಂತು, ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದು, ಗೋಡೆಯ ಮೇಲೆ ಅದಕ್ಕಿಂತ 4 ಅಂಗುಲ ಕೆಳಗೆ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಯನ್ನು ಮೀರಬಾರದು. ಬಿಗಿದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಬಣ್ಣದ ಒಂದು ಗೀಟು ಹಾಕಿಡಿ; ಒಂದು ವಾರ ಓಡಿಸಿದ ಬಳಿಕ ಗೀಟು ಜರುಗಿದ್ದು ಕಂಡರೆ ಸ್ಪ್ರಿಂಗ್ ವಾಷರ್ ತೆಗೆದು ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ ನಟ್) ಹಾಕಿಸಿ.